ಗ್ಲಾಸನ್ನು ನಂಬದ ಡ್ರೈವರ್ರು

ಅವರ ಬಲಗೈಯಲ್ಲಿ ಮೊಣಕೈಯಿಂದ ಕೆಳಗೆ ಒಂದೇ ಒಂದು ಕೂದಲಿರಲಿಲ್ಲ. ಎಡಗೈ ಎಲ್ಲರ ಕೈಯಂತೆಯೇ ಇತ್ತು. ನರೆತ ರೋಮ, ಒಂದೆರಡು ಮಚ್ಚೆ. ಬಲಗೈ ಮಾತ್ರ ನುಣ್ಣಗೆ, ಹುಣಸೆಹಣ್ಣು ಹಾಕಿ ತಿಕ್ಕಿದ ಚೊಂಬಿನ ಹಾಗೆ ಹೊಳೆಯುತ್ತಿತ್ತು. ಮೊದಲ ದಿನ ಅವರು ನಮ್ಮ ಅಕ್ಕಿ ಗಿರಣಿಯ ಆಫೀಸಿನಲ್ಲಿ ಕೂತು ಚಹಾದ ಲೋಟ ಹಿಡಿದಾಗ ನಾನು ನೋಡಿದ್ದು ಆ ಕೈಯನ್ನೇ. ರೈಲು ಇಂಜಿನ್ನಿನ ಒಲೆಗೆ ವರ್ಷಗಟ್ಟಲೆ ಕಲ್ಲಿದ್ದಲು ಹಾಕಿದ ಕೈ ಅದು, ಬೆಂಕಿಯ ಬಾಗಿಲು ತೆರೆದಾಗಲೆಲ್ಲ ಸುಟ್ಟು ಸುಟ್ಟು ಕೂದಲು ಹುಟ್ಟುವುದನ್ನೇ ಬಿಟ್ಟಿದೆ ಎಂದು ಅಪ್ಪ ಆಮೇಲೆ ಹೇಳಿದರು. ನನಗೆ ಬಂದ ಯೋಚನೆ ಬೇರೆ. ಡ್ರೈವರ್ ಆಗಿದ್ದೆ ಎನ್ನುವ ಮನುಷ್ಯ ಅಷ್ಟು ವರ್ಷ ಕಲ್ಲಿದ್ದಲನ್ನು ಯಾಕೆ ಹಾಕುತ್ತಿದ್ದ?

ನಾನು ಇರುವುದೇ ಹಾಗೆ. ಮೊಸರಿನಲ್ಲಿ ಕಲ್ಲು ಹುಡುಕುವವನು ಎಂದು ಮನೆಯಲ್ಲಿ ಬೈಸಿಕೊಂಡೇ ಬೆಳೆದವನು. ಭತ್ತ ತಂದವರು ಚೀಲದ ತಳದಲ್ಲಿ ಜೊಳ್ಳು ತುಂಬಿರಬಹುದು, ತೂಕದವನು ತಕ್ಕಡಿಗೆ ಕಾಲು ತಾಗಿಸಿರಬಹುದು ಎಂದು ಕಣ್ಣಿಟ್ಟು ಕಾಯುವುದೇ ಗಿರಣಿ ನಡೆಸುವ ರೀತಿ ಎಂದು ತಿಳಿದಿದ್ದೆ. ಅಪ್ಪನ ಮೊಣಕಾಲು ಸೋತು ಅವರು ಮನೆ ಹಿಡಿದ ಮೇಲೆ ಗಿರಣಿ ನನ್ನ ಕೈಗೆ ಬಂದಿತ್ತು. ಆಗ ನನಗೆ ಮೂವತ್ತು ವರ್ಷ.

ಗಿರಣಿ ಇದ್ದದ್ದು ಕುಮಟೆಯಿಂದ ಹೊನ್ನಾವರಕ್ಕೆ ಹೋಗುವ ರಸ್ತೆಯಲ್ಲಿ, ಧಾರೇಶ್ವರ ಇನ್ನೂ ಸ್ವಲ್ಪ ದೂರವಿರುವಾಗ. ನಮ್ಮದು ಕುಚ್ಚಲಕ್ಕಿ ಗಿರಣಿ. ಭತ್ತವನ್ನು ಮೊದಲು ಹಬೆಯಲ್ಲಿ ಬೇಯಿಸಿ, ಅಂಗಳದಲ್ಲಿ ಒಣಗಿಸಿ, ಆಮೇಲೆ ಅಕ್ಕಿ ಮಾಡುವುದು. ಬೇಯಿಸುವುದಕ್ಕೆ ಒಂದು ಹಳೆಯ ಬಾಯ್ಲರ್ ಇತ್ತು. ಕೆಳಗೆ ಭತ್ತದ ಉಮಿಯ ಬೆಂಕಿ, ಮೇಲೆ ನೀರು. ಅದನ್ನು ನೋಡಿಕೊಳ್ಳುತ್ತಿದ್ದವನು ಕೆಲಸ ಬಿಟ್ಟು ಗೋವಾಕ್ಕೆ ಹೋದ. ಅದೇ ಹೊತ್ತಿಗೆ ಹೊಳನಗದ್ದೆಯ ಈ ಮನುಷ್ಯ ರೈಲ್ವೆ ಬಿಟ್ಟು ಊರಿಗೆ ಬಂದಿದ್ದರು. ಘಟ್ಟದ ಮೇಲೆ ಹಬೆ ಇಂಜಿನ್ನುಗಳು ಒಂದೊಂದಾಗಿ ನಿಂತುಹೋಗಿದ್ದವು. ಇವರು ಓಡಿಸುತ್ತಿದ್ದ ಇಂಜಿನ್ನುಗಳನ್ನು ಶೆಡ್ಡಿನ ಕೊನೆಯ ಹಳಿಯ ಮೇಲೆ ಸಾಲಾಗಿ ನಿಲ್ಲಿಸಿ, ಗ್ಯಾಸಿನಲ್ಲಿ ಕೊಯ್ದು ಗುಜರಿಗೆ ಹಾಕಿದ್ದರಂತೆ. ಡೀಸೆಲ್ ಕಲಿಯಿರಿ ಎಂದು ಮಕ್ಕಳ ವಯಸ್ಸಿನವರ ಜೊತೆ ಬೆಂಚಿನ ಮೇಲೆ ಕೂರಿಸಿದರೆ ಇವರು ನಾಲ್ಕು ದಿನ ಕೂತು, ಐದನೆಯ ದಿನ ರಾಜೀನಾಮೆ ಬರೆದುಕೊಟ್ಟು ಬಂದಿದ್ದರು. ನಿವೃತ್ತಿಗೆ ಇನ್ನೂ ಎರಡು ವರ್ಷ ಇತ್ತು. ಎರಡು ವರ್ಷದ ಸರಕಾರಿ ಸಂಬಳ ಯಾರಾದರೂ ಸುಮ್ಮನೆ ಬಿಟ್ಟು ಬರುತ್ತಾರೆಯೇ? ಈ ಪ್ರಶ್ನೆಯನ್ನೂ ನಾನು ತಲೆಯೊಳಗೆ ಒಂದು ಕಡೆ ಇಟ್ಟುಕೊಂಡೆ.

ಗಿರಣಿಯಲ್ಲಿ ಎಲ್ಲರೂ ಅವರನ್ನು ಡ್ರೈವರ್ರು ಎಂದೇ ಕರೆಯತೊಡಗಿದರು. ಒಂದು ದಿನ ಭತ್ತದ ಟೆಂಪೊ ಅಂಗಳಕ್ಕೆ ಅಡ್ಡ ನಿಂತಿತ್ತು, ಅದರವನು ಚಹಾ ಕುಡಿಯಲು ಹೋಗಿದ್ದ. ಸ್ವಲ್ಪ ಹಿಂದೆ ತಗೊಳ್ಳಿ ಡ್ರೈವರ್ರೇ ಎಂದು ಕೀಲಿಕೈ ಕೊಟ್ಟೆ. ಅವರು ಅದನ್ನು ಹಿಡಿಯಲೇ ಇಲ್ಲ.

“ನಂಗೆ ಅದು ಬರೂದಿಲ್ಲ ತಮಾ. ನಮ್ಮ ಗಾಡಿಗೆ ಸ್ಟೇರಿಂಗೇ ಇರ್ಲಿಲ್ಲ” ಎಂದರು.

ಅಂಗಳದ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ನಾನು ನಗಲಿಲ್ಲ. ಟೆಂಪೊ ಹಿಂದೆ ಸರಿಸಲು ಬಾರದ, ಸೈಕಲ್ಲೂ ಹತ್ತದ ಡ್ರೈವರ್. ಹೊಳನಗದ್ದೆಯಿಂದ ಪೇಟೆಯ ತನಕ ನಡೆದೇ ಬಂದು ಅಲ್ಲಿಂದ ಬಸ್ಸು ಹಿಡಿಯುತ್ತಿದ್ದರು. ಆದರೂ ಬೆಳಕು ಹರಿಯುವ ಮುಂಚೆ ಗಿರಣಿಯ ಗೇಟಿನಲ್ಲಿರುತ್ತಿದ್ದರು. ಇಷ್ಟು ಬೇಗ ಬರುವವನಿಗೆ ಬೇರೆ ಏನೋ ಕೆಲಸ ಇರಬೇಕು ಎಂದು ನನಗೆ ಅದೂ ಅನುಮಾನ.

ಅವರ ಕೆಲಸದ ರೀತಿ ನೋಡಿದರೆ ನನಗೆ ಮೈ ಉರಿಯುತ್ತಿತ್ತು. ಬಾಯ್ಲರಿನೊಳಗೆ ನೀರು ಎಷ್ಟಿದೆ ಎಂದು ತೋರಿಸುವುದಕ್ಕೆ ಹೊರಗೆ ಒಂದು ಗಾಜಿನ ಕೊಳವೆ ಇರುತ್ತದೆ. ಗ್ಲಾಸು ಎನ್ನುವುದು ಅದಕ್ಕೇ. ಅವರು ತಾಸಿಗೊಮ್ಮೆ ಆ ಗ್ಲಾಸಿನ ಕೆಳಗಿನ ನಲ್ಲಿ ತಿರುಗಿಸಿ, ಬುಸ್ಸೆಂದು ನೀರನ್ನೂ ಹಬೆಯನ್ನೂ ಹೊರಗೆ ಬಿಡುತ್ತಿದ್ದರು. ಗ್ಲಾಸು ಖಾಲಿಯಾಗಿ ಮತ್ತೆ ನೀರು ಏರುವುದನ್ನು ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಬಿಸಿ ಹಬೆಯನ್ನು ಯಾಕೆ ಹೀಗೆ ಗಾಳಿಗೆ ಬಿಡುತ್ತೀರಿ, ಅರ್ಧ ಗ್ಲಾಸು ನೀರು ಕಾಣುತ್ತಿದೆಯಲ್ಲ ಎಂದು ಕೇಳಿದೆ.

“ಗ್ಲಾಸನ್ನ ನಂಬಬೇಡ ತಮಾ” ಎಂದರು. “ನೀರು ಒಳಗೆ ಕುಣೀತಾ ಇರ್ಬೇಕು. ಸುಮ್ನೆ ನಿಂತ ನೀರು ಸುಳ್ಳು ಹೇಳ್ತದೆ.”

ಈ ಮಾತನ್ನು ಅವರು ನನಗೆ ನೂರು ಸಲ ಹೇಳಿರಬಹುದು. ಮೈಮೇಲೆ ಬಿದ್ದ ಮಳೆಹನಿಯ ಹಾಗೆ ಒರೆಸಿ ಹಾಕಿದೆ.

ಮಧ್ಯಾಹ್ನದ ಊಟದ ಹೊತ್ತಿಗೆ ಮಾತ್ರ ಅವರನ್ನು ಸಂಶಯಿಸುವುದು ಕಷ್ಟವಾಗುತ್ತಿತ್ತು. ಉಮಿ ಎಳೆಯುವ ಸಲಿಕೆಯನ್ನು ಬಾಯ್ಲರಿನ ಕುದಿಯುವ ನೀರಿನಲ್ಲಿ ತೊಳೆದು, ಉಪ್ಪು-ಖಾರ ಹಚ್ಚಿದ ಬಂಗಡೆಯನ್ನು ಅದರ ಮೇಲೆ ಸಾಲಾಗಿ ಮಲಗಿಸಿ, ಒಲೆಯ ಬಾಯಲ್ಲಿ ಎರಡೇ ನಿಮಿಷ ಹಿಡಿಯುತ್ತಿದ್ದರು. ಇಂಜಿನ್ನಿನ ಮೇಲೆ ಕಲಿತ ಅಡುಗೆ ಅದು. ಅಂಗಳದ ಹನ್ನೊಂದು ಹೆಂಗಸರೂ ತಮ್ಮ ತಮ್ಮ ಬುತ್ತಿಯ ಮೀನನ್ನು ಅವರಿಗೆ ಒಪ್ಪಿಸಿ ಕಾಯುತ್ತಿದ್ದರು. ಯಾರ ಮೀನು ಯಾರದೆಂದು ಒಮ್ಮೆಯೂ ಅದಲುಬದಲಾಗಲಿಲ್ಲ. ಆಫೀಸಿನ ತನಕ ಪರಿಮಳ ಬರುತ್ತಿತ್ತು, ನಾನು ಬಾಯಲ್ಲಿ ನೀರು ನುಂಗುತ್ತ ಗಂಭೀರವಾಗಿ ಕೂತಿರುತ್ತಿದ್ದೆ.

ಕರಾವಳಿಗೆ ರೈಲು ಬಂದದ್ದೂ ಆ ಕಾಲದಲ್ಲೇ. ಕುಮಟೆಗೆ ಮೊದಲ ಗಾಡಿ ಬಂದ ದಿನ ಊರಿಗೆ ಊರೇ ಹಾರ, ತೆಂಗಿನಕಾಯಿ ಹಿಡಿದು ಸ್ಟೇಷನ್ನಿನಲ್ಲಿತ್ತು. ನಾನು ಅವರನ್ನೂ ಕರೆದುಕೊಂಡು ಹೋಗಿದ್ದೆ, ಅವರ ಮುಖ ನೋಡುವ ಕುತೂಹಲದಿಂದ. ಡೀಸೆಲ್ ಇಂಜಿನ್ನು ಕೂಗುತ್ತ ಬಂದು ನಿಂತಿತು. ಎಲ್ಲರೂ ಆ ಕಡೆ ನುಗ್ಗಿದರೆ ಇವರು ಪ್ಲಾಟ್‌ಫಾರ್ಮಿನ ಈ ತುದಿಯಿಂದ ಆ ತುದಿಯ ತನಕ ನಡೆದು ಏನನ್ನೋ ಹುಡುಕಿ ಬಂದರು. ಇಂಜಿನ್ನಿಗೆ ನೀರು ತುಂಬುವ ಕಂಬ ಎಲ್ಲೂ ಕಾಣಲಿಲ್ಲವಂತೆ. ಡೀಸೆಲ್ಲಿಗೆ ಅದು ಬೇಡವೆಂದು ಅವರಿಗೆ ಗೊತ್ತಿಲ್ಲದ್ದೇನಲ್ಲ, ಆದರೂ ಹುಡುಕಿದ್ದರು.

“ಇದು ಸ್ಟೇಷನ್ ಅಲ್ಲ ತಮಾ, ಬಸ್ ಸ್ಟ್ಯಾಂಡು” ಎಂದರು. ವಾಪಸು ಬರುವಾಗ ಗಾಡಿಯ ಕಡೆ ತಿರುಗಿ ನೋಡಲಿಲ್ಲ.

ಗಿರಣಿ ಸೇರಿ ನಾಲ್ಕು ತಿಂಗಳಾಗಿರಬೇಕು. ಒಂದು ಸಂಜೆ ಆಫೀಸಿಗೆ ಬಂದು, ಬಾಯ್ಲರಿನಲ್ಲಿ ಒಂದು ತಪ್ಪು ಇದೆ ಎಂದರು. ಒಲೆಯ ಮೇಲ್ಭಾಗದಲ್ಲಿ, ಬೆಂಕಿಗೂ ನೀರಿಗೂ ನಡುವೆ ಇರುವ ಲೋಹದ ತಗಡಿನಲ್ಲಿ ಒಂದು ಹಿತ್ತಾಳೆಯ ಬಿರಡೆ ಇರಬೇಕು. ಅದರ ನಡುವೆ ತೂತು, ತೂತಿನ ತುಂಬ ಸೀಸ. ರೈಲಿನವರು ಅದಕ್ಕೆ ಲೆಡ್ ಪ್ಲಗ್ ಎನ್ನುತ್ತಿದ್ದರು. ಮೇಲೆ ನೀರು ಇರುವ ತನಕ ಸೀಸ ಕರಗುವುದಿಲ್ಲ. ನೀರು ಇಳಿದುಹೋದರೆ ಎಲ್ಲಕ್ಕಿಂತ ಮೊದಲು ಸೀಸ ಕರಗಿ, ಆ ತೂತಿನಿಂದ ಹಬೆ ನುಗ್ಗಿ ಬೆಂಕಿಯನ್ನು ಆರಿಸುತ್ತದೆ. ಅದಿಲ್ಲದಿದ್ದರೆ ಬಾಯ್ಲರೇ ಸಿಡಿಯುತ್ತದೆ. ನಮ್ಮ ಬಾಯ್ಲರಿನಲ್ಲಿ ಹಿಂದಿನವನು ಆ ಬಿರಡೆ ತೆಗೆದು ಗಟ್ಟಿ ಕಬ್ಬಿಣದ ಬೋಲ್ಟು ಬಿಗಿದಿದ್ದ. ಸೀಸ ಕರಗಿದರೆ ಕೆಲಸ ನಿಲ್ಲುತ್ತದೆ, ಬೈಗುಳ ತಿನ್ನಬೇಕಾಗುತ್ತದೆ ಎಂದು ಹಾಗೆ ಮಾಡಿರುತ್ತಾರೆ ಎಂದು ಅವರು ವಿವರಿಸಿದರು. ಹೊಸ ಪ್ಲಗ್ ಮಾಡಿಸಬೇಕು, ಅದಕ್ಕೆ ಒಳ್ಳೆಯ ಹಿತ್ತಾಳೆ ಬೇಕು ಎಂದರು.

ನನಗೆ ಕಂಡದ್ದು ಕೆಲಸ ನಿಲ್ಲಿಸುವ ಒಂದು ಉಪಾಯ ಮಾತ್ರ. ಭಟ್ಕಳದ ಅಕ್ಕಿ ಸಾಹುಕಾರರು ರಂಜಾನಿಗೆ ಮುಂಚೆ ಅಕ್ಕಿ ಬೇಕೆಂದು ಹೇಳಿಕಳಿಸಿದ್ದರು. ಇಷ್ಟು ವರ್ಷ ಏನೂ ಆಗಿಲ್ಲವಲ್ಲ, ಸೀಸನ್ ಮುಗಿಯಲಿ ನೋಡೋಣ ಎಂದೆ. ಅವರು ಬಾಯ್ಲರ್ ಕೋಣೆಗೆ ವಾಪಸು ಹೋದರು. ಮತ್ತೆ ಆ ಮಾತು ಎತ್ತಲಿಲ್ಲ.

ಅದಾದ ಮೇಲೆ ಒಂದರ ಹಿಂದೆ ಒಂದು ನಡೆದವು. ಅವರ ಬಳಿ ಒಂದು ತಗಡಿನ ಪೆಟ್ಟಿಗೆ ಇತ್ತು. ಇಂಜಿನ್ ಡ್ರೈವರುಗಳು ಡ್ಯೂಟಿಗೆ ಹೋಗುವಾಗ ಒಯ್ಯುತ್ತಿದ್ದ ಲೈನ್ ಬಾಕ್ಸು. ಕಪ್ಪು ಬಣ್ಣ, ಗಟ್ಟಿ ಬೀಗ. ಬಾಯ್ಲರ್ ಕೋಣೆಯ ಮೂಲೆಯಲ್ಲಿ ಇಡುತ್ತಿದ್ದರು, ಯಾರ ಎದುರಿಗೂ ತೆರೆಯುತ್ತಿರಲಿಲ್ಲ. ಅಮಾವಾಸ್ಯೆಗೆ ನಮ್ಮ ಗಿರಣಿಗೆ ರಜೆ, ಒಣಗಲು ಹಾಕಿದ ಭತ್ತ ಮಗುಚಲು ಇಬ್ಬರು ಹೆಂಗಸರಷ್ಟೇ ಬರುತ್ತಿದ್ದರು. ಮರುದಿನ ಅವರಲ್ಲಿ ಒಬ್ಬಳು ನನ್ನ ಬಳಿ ಬಂದು ದನಿ ತಗ್ಗಿಸಿದಳು.

“ಒಡೇರೇ, ನಿನ್ನೆ ಅಮಾಸೆ ಆಗಿತ್ತಲ್ಲ. ಆ ಡ್ರೈವರ್ರು ಒಲೆ ಒಳ್ಗೇ ಹೊಕ್ಕಂಡು ಕೂತಿದ್ರು. ಮೈಯೆಲ್ಲ ಮಸಿ ಮಾಡ್ಕಂಡು ಹೊರ್ಗೆ ಬಂದ್ರು. ಎಂತ ಮಾಟವೋ ಏನೋ.”

ಮಾಟವನ್ನು ನಾನು ನಂಬುವವನಲ್ಲ. ಆದರೆ ರಜೆಯ ದಿನ ಸಂಬಳವಿಲ್ಲದೆ ಬಂದು ಒಲೆಯೊಳಗೆ ಹೋಗುವವನನ್ನೂ ನಂಬುವವನಲ್ಲ.

ಅದೇ ವಾರ ಹುಬ್ಬಳ್ಳಿ ಕಡೆ ಹೋಗಿಬರುವ ಲಾರಿಯವನೊಬ್ಬ ಸುದ್ದಿ ತಂದ. ನಿಮ್ಮ ಡ್ರೈವರ್ರು ಘಟ್ಟದಲ್ಲಿ ಇಂಜಿನ್ ಸುಟ್ಟವರಂತೆ, ಅದಕ್ಕೇ ಡ್ರೈವರ್ ಕೆಲಸದಿಂದ ಇಳಿಸಿ ಮತ್ತೆ ಕಲ್ಲಿದ್ದಲ ಸಲಿಕೆ ಕೊಟ್ಟಿದ್ದರಂತೆ ಎಂದ. ಕೂದಲಿಲ್ಲದ ಆ ಕೈಗೆ ಕೊನೆಗೂ ಉತ್ತರ ಸಿಕ್ಕಿತು ಎಂದುಕೊಂಡೆ. ನಾಚಿಕೆಯ ಮಾತೆಂದರೆ ನನಗೆ ಆಗ ಸಂತೋಷವಾಯಿತು.

ಆಮೇಲೆ ಒಬ್ಬ ಬಿಳಿಯ ಬಂದ. ಗೋಕರ್ಣಕ್ಕೆ ಬರುವ ವಿದೇಶಿಯರು ನಮಗೆ ಹೊಸಬರಲ್ಲ, ಆದರೆ ಇವನು ಸಮುದ್ರ ಬಿಟ್ಟು ಅಕ್ಕಿ ಗಿರಣಿ ಹುಡುಕಿಕೊಂಡು ಬಂದಿದ್ದ. ಹಬೆ ಇಂಜಿನ್ನು ಎಲ್ಲೆಲ್ಲಿ ಉಳಿದಿದೆಯೋ ಅಲ್ಲಿಗೆಲ್ಲ ಕ್ಯಾಮೆರಾ ಹಿಡಿದು ತಿರುಗುವ ಹುಚ್ಚಂತೆ ಅವನಿಗೆ. ಇವರು ಘಟ್ಟದ ಮೇಲಿದ್ದಾಗಲೇ ಪರಿಚಯವಾಗಿತ್ತು. ನನ್ನ ಹರಕು ಇಂಗ್ಲಿಷಿನಲ್ಲಿ ಮಾತಾಡಿಸಿದೆ. ಹಳೆಯ ಇಂಜಿನ್ನುಗಳ ಹಿತ್ತಾಳೆಯ ನಂಬರ್ ಪ್ಲೇಟು, ಸೀಟಿಗಳನ್ನು ಅವರ ದೇಶದಲ್ಲಿ ಜನ ಮುಗಿಬಿದ್ದು ಕೊಳ್ಳುತ್ತಾರೆ ಎಂದು ಅವನೇ ಹೇಳಿದ. ಇಬ್ಬರೂ ಬಾಯ್ಲರ್ ಕೋಣೆಯಲ್ಲಿ ತುಂಬ ಹೊತ್ತು ಕೂತಿದ್ದರು. ಹೊರಡುವಾಗ ಅವನು ಒಂದು ದಪ್ಪ ಲಕೋಟೆಯನ್ನು ಇವರ ಕೈಗಿಟ್ಟದ್ದನ್ನು ಕಿಟಕಿಯಿಂದ ನೋಡಿದೆ. ಇವರು ಅದನ್ನು ಅಂಗಿಯೊಳಗೆ ಸೇರಿಸಿಕೊಂಡರು.

ನಾನು ನೆಟ್ಟಗೆ ಸಾಮಾನಿನ ಕೋಣೆಗೆ ಹೋದೆ. ಅಲ್ಲಿ ಅಟ್ಟದ ಮೇಲೆ ಕೆಟ್ಟುಹೋದ ಒಂದು ಹಿತ್ತಾಳೆ ವಾಲ್ವು ಇತ್ತು, ತೆಂಗಿನಕಾಯಿಯಷ್ಟು ದೊಡ್ಡದು. ಈಗ ಅದು ಇರಲಿಲ್ಲ. ಅಟ್ಟದ ಧೂಳಿನಲ್ಲಿ ಅದರ ದುಂಡು ಗುರುತು ಮಾತ್ರ ಉಳಿದಿತ್ತು.

ಮಾರನೆಯ ದಿನ ಅವರು ಬಂಗಡೆ ಸುಟ್ಟು ಎಲ್ಲರಿಗೂ ಹಂಚಿ, ಬಾವಿಯ ಹತ್ತಿರ ಕೈ ತೊಳೆಯಲು ಹೋದಾಗ, ನಾನು ಗಿರಣಿಯ ಹಮಾಲನಿಂದ ಪೆಟ್ಟಿಗೆಯ ಬೀಗ ಒಡೆಸಿದೆ. ಮೇಲೆ ಒಂದು ಮಡಚಿದ ಟವೆಲು. ಟವೆಲಿನ ಮೇಲೆ ಕೆಂಪು ಬಟ್ಟೆಯ ಚಿಕ್ಕ ಗಂಟು. ಬಿಚ್ಚಿದರೆ ಹಿತ್ತಾಳೆ, ಹೆಬ್ಬೆರಳಿನಷ್ಟು ದಪ್ಪದ, ತಿರುಪಿನ ಗೆರೆಗಳುಳ್ಳ ತುಂಡು, ನಡುವೆ ಖಾಲಿ ತೂತು. ನನಗೆ ಬೇಕಾದದ್ದು ಸಿಕ್ಕಿತ್ತು. ಟವೆಲನ್ನು ಎತ್ತಿ ಕೆಳಗೆ ಏನಿದೆ ಎಂದು ನೋಡುವ ಗೊಡವೆಗೆ ಹೋಗಲಿಲ್ಲ.

ಅವರು ಕೈ ಒರೆಸಿಕೊಳ್ಳುತ್ತ ಬಂದರು. ಒಡೆದ ಬೀಗ ನೋಡಿದರು, ನನ್ನ ಕೈ ನೋಡಿದರು. ಹೆಂಗಸರು ಊಟ ಬಿಟ್ಟು ಬಾಗಿಲಲ್ಲಿ ಸೇರಿದ್ದರು.

“ಅದು ನಂದು ತಮಾ. ಅಲ್ಲೇ ಇಟ್ಬಿಡು” ಎಂದರು.

ಅಟ್ಟದ ಮೇಲಿದ್ದ ಹಿತ್ತಾಳೆ ವಾಲ್ವು ತೆಗೆದದ್ದು ನೀವು ಹೌದೋ ಅಲ್ಲವೋ ಎಂದು ಕೇಳಿದೆ.

“ಹೌದು.”

ಅಷ್ಟೇ. ಒಂದು ಮಾತು ಹೆಚ್ಚಿಲ್ಲ, ಕಡಿಮೆ ಇಲ್ಲ. ನಾನು ಇನ್ನೂ ಏನೇನೋ ಹೇಳಿದೆ, ಬಿಳಿಯನ ಲಕೋಟೆ, ಸುಟ್ಟ ಇಂಜಿನ್ನು ಎಲ್ಲ. ಅವು ಪ್ರಶ್ನೆಗಳಾಗಿರಲಿಲ್ಲ, ಅವರು ಉತ್ತರಿಸಲೂ ಇಲ್ಲ. ನನ್ನ ಕೈಯಿಂದ ಆ ತುಂಡನ್ನು ಮೆಲ್ಲಗೆ ತೆಗೆದುಕೊಂಡು, ಕೆಂಪು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕಿದರು. ಬೀಗವಿಲ್ಲದ ಪೆಟ್ಟಿಗೆಗೆ ಹಗ್ಗ ಕಟ್ಟಿದರು. ಹೋಗುವ ಮುಂಚೆ ಗ್ಲಾಸಿನ ನಲ್ಲಿ ತಿರುಗಿಸಿ, ಬುಸ್ಸೆನ್ನಿಸಿ, ನೀರು ಮತ್ತೆ ಏರುವುದನ್ನು ನೋಡಿದರು. ಆಮೇಲೆ ಪೆಟ್ಟಿಗೆ ಹೆಗಲಿಗೇರಿಸಿ ಬಸ್ಸಿನ ಕಡೆ ನಡೆದರು.

ಮನೆಯಲ್ಲಿ ಅಪ್ಪ ಎಲ್ಲ ಕೇಳಿ, ವಾಲ್ವನ್ನು ಯಾಕೆ ತೆಗೆದದ್ದು ಎಂದು ಕೇಳಿದೆಯಾ ಎಂದರು. ಕಳ್ಳರನ್ನು ಯಾಕೆ ಎಂದು ಯಾರು ಕೇಳುತ್ತಾರೆ ಎಂದೆ. ಅಪ್ಪ ಮುಖ ತಿರುಗಿಸಿದರು.

ಹಮಾಲ ಉಮಿ ಹಾಕುವುದು, ನಾನು ಗ್ಲಾಸು ನೋಡುವುದು, ಹೀಗೆ ಐದು ದಿನ ನಡೆಸಿದೆವು. ಡ್ರೈವರ್ರ ಹಾಗೆ ಹಬೆ ಹಾಳುಮಾಡದೆ ಎಷ್ಟು ಉಮಿ ಉಳಿಯಿತು ಎಂದು ಒಳಗೊಳಗೇ ಬೀಗುತ್ತಿದ್ದೆ. ಆರನೆಯ ದಿನ ಭಟ್ಕಳದ ಲೋಡು ಹೊರಡಬೇಕಿತ್ತು. ಬೆಳಿಗ್ಗೆಯಿಂದ ಗ್ಲಾಸಿನಲ್ಲಿ ನೀರು ಸರಿಯಾಗಿ ಅರ್ಧಕ್ಕೆ ನಿಂತಿತ್ತು. ಮೇಲೆ ಹೋಗಲಿಲ್ಲ, ಕೆಳಗೆ ಬರಲಿಲ್ಲ. ಎಷ್ಟು ಚೆಂದ ನಿಂತಿದೆ ಎಂದು ನಾನು ಬಾಯ್ಲರಿಗೆ ನೀರು ತುಂಬುವ ಪಂಪಿನ ಸ್ವಿಚ್ಚನ್ನೇ ಮುಟ್ಟಲಿಲ್ಲ. ಹೆಂಗಸರು ಬೆಂದ ಭತ್ತ ಬುಟ್ಟಿಗೆ ತುಂಬಿಕೊಳ್ಳಲು ಬಾಯ್ಲರಿನ ಪಕ್ಕದ ತೊಟ್ಟಿಯ ಹತ್ತಿರ ಸಾಲಾಗಿ ನಿಂತಿದ್ದರು, ಹನ್ನೊಂದು ಜನವೂ.

ಆಗ ಒಲೆಯೊಳಗಿಂದ ಒಂದು ಸದ್ದು ಬಂತು. ಅಂಥ ಕೂಗನ್ನು ನಾನು ಅದಕ್ಕೆ ಮೊದಲೂ ಕೇಳಿಲ್ಲ, ಆಮೇಲೂ ಕೇಳಿಲ್ಲ. ಒಲೆಯ ಬಾಗಿಲ ಸಂದಿಗಳಿಂದ ಬಿಳಿ ಹಬೆ, ಬೂದಿ, ಮಸಿ ಎಲ್ಲ ಕೋಣೆಯ ತುಂಬ ನುಗ್ಗಿತು. ಹೆಂಗಸರು ಬುಟ್ಟಿ ಎಸೆದು ರಸ್ತೆಯ ತನಕ ಓಡಿದರು. ನಾನೂ ಓಡಿದೆ, ನಾನೇ ಎಲ್ಲರಿಗಿಂತ ಮುಂದೆ ಇದ್ದೆ ಎಂದು ಆಮೇಲೆ ಅವರು ನನ್ನನ್ನು ಗೇಲಿ ಮಾಡಿದ್ದುಂಟು. ಹಮಾಲನ ಹುಬ್ಬು ಸುಟ್ಟಿತು, ಬೇರೆ ಯಾರಿಗೂ ಏನೂ ಆಗಲಿಲ್ಲ. ಸದ್ದು ನಿಂತ ಮೇಲೆ ಹೋಗಿ ನೋಡಿದರೆ ಬೆಂಕಿ ಪೂರ್ತಿ ಆರಿತ್ತು. ಗ್ಲಾಸಿನಲ್ಲಿ ಆಗಲೂ ಅರ್ಧ ನೀರು ನಿಂತಿತ್ತು.

ಮರುದಿನ ಹುಬ್ಬಳ್ಳಿಯಿಂದ ಮೆಕ್ಯಾನಿಕ್ ಬಂದ. ಗ್ಲಾಸಿನ ಕೆಳಗಿನ ದಾರಿ ಕೆಸರು ಕಟ್ಟಿ ಮುಚ್ಚಿತ್ತು, ನಾನು ನೋಡುತ್ತಿದ್ದುದು ಅಲ್ಲೇ ಸಿಕ್ಕಿಬಿದ್ದ ನೀರನ್ನು. ಒಳಗೆ ಬಾಯ್ಲರ್ ಬತ್ತಿತ್ತು. ಅವನು ಒಲೆಯೊಳಗೆ ತೂರಿ ಒಂದು ಹಿತ್ತಾಳೆಯ ಬಿರಡೆ ಬಿಚ್ಚಿ ತಂದು ನನ್ನ ಅಂಗೈಯಲ್ಲಿಟ್ಟ. ಹೊಸದು, ನಡುವೆ ಖಾಲಿ ತೂತು. ಇದು ಇರದಿದ್ದರೆ ನೀವಾರೂ ಇವತ್ತು ಇರುತ್ತಿರಲಿಲ್ಲ, ಯಾರು ಹಾಕಿಸಿದ್ದು ಎಂದು ಕೇಳಿದ. ಬಾಯ್ಲರ್ ಕೋಣೆಯ ಬಾಗಿಲು ಗಾಳಿಗೆ ಬಡಿಯದಂತೆ ಕೆಲವು ದಿನಗಳಿಂದ ಒಂದು ದಪ್ಪ ಕಬ್ಬಿಣದ ಬೋಲ್ಟನ್ನು ಯಾರೋ ಒತ್ತಿಟ್ಟಿದ್ದರು. ಅದು ಎಲ್ಲಿಂದ ಬಂತೆಂದು ನಾನು ಯೋಚಿಸಿಯೇ ಇರಲಿಲ್ಲ. ಅಟ್ಟದ ವಾಲ್ವು ಎಲ್ಲಿಗೆ ಹೋಯಿತು ಎಂದೂ ಈಗ ಯಾರೂ ಹೇಳಬೇಕಾಗಿರಲಿಲ್ಲ.

ಆ ಮಧ್ಯಾಹ್ನವೇ ಹೊಳನಗದ್ದೆಗೆ ಹೋದೆ. ಅವರು ಜಗಲಿಯಲ್ಲಿ ಕೂತು ಬೀಗದ ಕೊಂಡಿ ರಿಪೇರಿ ಮಾಡುತ್ತಿದ್ದರು. ಒಳಗೆ ಕರೆದರು. ಗೋಡೆಯ ತುಂಬ ಫೋಟೋಗಳನ್ನು ಅಂಟಿಸಿದ್ದರು. ಬಿಳಿಯನ ಲಕೋಟೆಯಲ್ಲಿದ್ದದ್ದು ಅವು. ಚೀನಾದ್ದು, ಬರ್ಮಾದ್ದು, ಜಾವಾದ ಕಬ್ಬಿನ ಗದ್ದೆಯ ನಡುವಿನ ಪುಟಾಣಿ ಇಂಜಿನ್ನು. ಎಲ್ಲದರಲ್ಲೂ ಹೊಗೆ, ಮಸಿ ಮೆತ್ತಿದ ಮುಖಗಳು. ನಾನು ಅವುಗಳನ್ನೇ ನೋಡುತ್ತಿದ್ದೆ. ಅವರು ಚೀನಾದ ಫೋಟೋದ ಮೇಲೆ ಬೆರಳಿಟ್ಟರು. ಸಲಿಕೆ ಹಿಡಿದ ಒಬ್ಬ ಮನುಷ್ಯ ಟವೆಲಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದ. ಬರ್ಮಾದವನೂ ಹಾಗೇ ಕಚ್ಚಿದ್ದ. ಬಿಸಿ ಗಾಳಿ ಬಾಯಿಗೆ ಹೋಗದಿರಲೆಂದು ಇವರೂ ಹಾಗೇ ಮಾಡುತ್ತಿದ್ದರಂತೆ. ಯಾರಿಗೆ ಯಾರು ಕಲಿಸಿದ್ದೋ ಎಂದು ನಕ್ಕರು. ಇವರೆಲ್ಲರದೂ ಇನ್ನೇನು ಮುಗಿಯಿತು ಎಂದರು.

ಆಮೇಲೆ ನನ್ನ ಕಡೆ ತಿರುಗಿ, “ಕರಗಿತಾ?” ಎಂದು ಕೇಳಿದರು.

ತಲೆಯಾಡಿಸಿದೆ.

“ಯಾರಿಗಾದ್ರೂ ಎಂತಾದ್ರೂ ಆತಾ?”

ಇಲ್ಲ ಎಂದೆ. ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಅವರು ನೀರು ತಂದುಕೊಟ್ಟರು. ಅಂದೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

“ನೀ ಕೇಳಿದ್ದೇ ಅಷ್ಟು ತಮಾ” ಎಂದರು. “ಮೊದ್ಲೊಂದ್ಸಲ ನಾ ಪ್ಲಗ್ ಕೇಳಿದ್ದೆ, ನೀ ಸೀಸನ್ ಮುಗೀಲಿ ಅಂದೆ. ಬಾಯ್ಲರಿಗೆ ಸೀಸನ್ ಗೊತ್ತಾಗೂದಿಲ್ಲ.”

ಆವತ್ತೇ ಅವರು ಸುಟ್ಟ ಇಂಜಿನ್ನಿನ ಕತೆಯನ್ನೂ ಹೇಳಿದ್ದು. ಡ್ರೈವರ್ ಆಗಿ ಎರಡನೆಯ ವರ್ಷ, ಹಿಂದೆ ಎಂಟು ಬೋಗಿ ತುಂಬ ಜನ, ಘಟ್ಟದ ಏರು. ಗ್ಲಾಸಿನಲ್ಲಿ ಅರ್ಧ ನೀರು ಕಾಣುತ್ತಿತ್ತು, ಇವರು ನಂಬಿದರು. ಪ್ಲಗ್ ಕರಗಿ ಬೆಂಕಿ ಆರಿ, ಗಾಡಿ ಕಾಡಿನ ನಡುವೆ ಅರ್ಧ ದಿನ ನಿಂತಿತು. ಒಂದು ಜೀವಕ್ಕೂ ಏನೂ ಆಗಲಿಲ್ಲ. ಆದರೆ ಪ್ಲಗ್ ಕರಗಿಸಿದ ಡ್ರೈವರ್ ಎಂದರೆ ಆ ಮಂದಿಯಲ್ಲಿ ಅದಕ್ಕಿಂತ ದೊಡ್ಡ ಅವಮಾನ ಇರಲಿಲ್ಲ. ವಿಚಾರಣೆಯಲ್ಲಿ ಕೇಳಿದ್ದು ಒಂದೇ, ಕರಗಿದ್ದು ಹೌದೋ ಅಲ್ಲವೋ. ಹೌದು ಎಂದರು. ಮೂರು ವರ್ಷ ಮತ್ತೆ ಸಲಿಕೆ ಹಿಡಿದರು. ಕೆಂಪು ಬಟ್ಟೆಯಲ್ಲಿದ್ದದ್ದು ಆ ಪ್ಲಗ್ಗು. ಮರ್ಯಾದೆ ಹೋದೀತೆಂದು ಹೆದರಿ ಬೋಲ್ಟು ಬಿಗಿದವರನ್ನು ಆಮೇಲೆ ಬೇಕಾದಷ್ಟು ಕಂಡಿದ್ದರು.

ತಪ್ಪು ತನ್ನದೇ ಎಂದೂ ಅವರು ಹೇಳಿದರು. ಯಾರನ್ನೂ ದೂರಲಿಲ್ಲ. ಗಾಜು, ನಲ್ಲಿ, ಪಂಪು, ಗಡಿಯಾರ, ಇವುಗಳನ್ನೆಲ್ಲ ಸಂಶಯಪಡುತ್ತಿದ್ದ ಮನುಷ್ಯ ಜನರನ್ನು ಸಂಶಯಪಟ್ಟದ್ದನ್ನು ನಾನು ಕಾಣಲಿಲ್ಲ. ನನ್ನ ವಿಷಯ ಸರಿಯಾಗಿ ಇದಕ್ಕೆ ಉಲ್ಟಾ ಆಗಿತ್ತು.

ವಾಪಸು ಬರಲು ಒಂದೇ ಶರತ್ತು ಹಾಕಿದರು. ದಿನಕ್ಕೆ ಎರಡು ಸಲ ನಾನೇ ಬಂದು ಗ್ಲಾಸಿನ ನಲ್ಲಿ ತಿರುಗಿಸಿ ನೋಡಬೇಕು. ಒಪ್ಪಿದೆ. ಹನ್ನೊಂದು ಹೆಂಗಸರ ಎದುರು, ಅದೇ ಬಾಗಿಲಲ್ಲಿ, ನಾನು ಹೇಳಿದ್ದು ತಪ್ಪು ಎಂದು ಹೇಳಿದೆ. ಅವರು ಅದನ್ನು ಕೇಳಿಸಿಕೊಳ್ಳದವರಂತೆ ಸಲಿಕೆ ತೊಳೆಯುತ್ತಿದ್ದರು. ಆ ಮಧ್ಯಾಹ್ನ ಸಲಿಕೆಯ ಮೇಲೆ ಒಂದು ಬಂಗಡೆ ಹೆಚ್ಚಿಗೆ ಇತ್ತು.

ಇನ್ನೂ ಏಳೆಂಟು ವರ್ಷ ನಮ್ಮಲ್ಲಿದ್ದರು. ಕರಗಿದ ಬಿರಡೆಗೆ ಆಗ ಮತ್ತೆ ಸೀಸ ತುಂಬಿಸಿ ಅದನ್ನೇ ಬಿಗಿದಿದ್ದರು, ಆಮೇಲೆ ಎರಡು ವರ್ಷಕ್ಕೊಮ್ಮೆ ಅಮಾವಾಸ್ಯೆಯ ದಿನ ಒಲೆಯೊಳಗೆ ಹೋಗಿ ಹೊಸ ಪ್ಲಗ್ ಹಾಕುತ್ತಿದ್ದರು. ಹೊನ್ನಾವರದ ಲೇತಿನವನ ಬಳಿ ಮಾಡಿಸುತ್ತಿದ್ದರು. ಹಿತ್ತಾಳೆ ಎಲ್ಲಿಂದ ಎಂದು ನಾನು ಕೇಳುವುದನ್ನು ಬಿಟ್ಟಿದ್ದೆ. ಕೊನೆಗೆ ಕಣ್ಣು ಮಂಜಾಯಿತು, ಗ್ಲಾಸಿನ ನೀರು ಕುಣಿಯುವುದು ಕಾಣುತ್ತಿಲ್ಲ ಎಂದು ತಾವೇ ಹೇಳಿ ಮನೆಗೆ ಹೋದರು. ಮರುವರ್ಷ ಎರಡು ದಿನದ ಜ್ವರದಲ್ಲಿ ತೀರಿಕೊಂಡರು. ನಾನು ಹೋದಾಗ ಜಗಲಿಯಲ್ಲಿ ಮಲಗಿಸಿದ್ದರು. ಬಿಳಿ ಬಟ್ಟೆಯ ಹೊರಗೆ ಬಲಗೈ ಇತ್ತು, ಅಷ್ಟೇ ನುಣ್ಣಗೆ.

ಹದಿನೈದು ದಿನ ಕಳೆದ ಮೇಲೆ ಅವರ ಮಗಳು ರಿಕ್ಷಾದಲ್ಲಿ ಆ ಕಪ್ಪು ಪೆಟ್ಟಿಗೆ ತಂದು ಗಿರಣಿಯಲ್ಲಿ ಇಳಿಸಿದಳು. ಅಪ್ಪ ನಿಮಗೇ ಕೊಡಬೇಕೆಂದು ಹೇಳಿದ್ದರು ಎಂದಳು. ಬಾಯ್ಲರ್ ಕೋಣೆಯಲ್ಲಿ ಒಬ್ಬನೇ ಕೂತು ತೆರೆದೆ. ಅದೇ ಟವೆಲು, ಮೇಲೆ ಅದೇ ಕೆಂಪು ಗಂಟು. ಈ ಸಲ ಟವೆಲನ್ನು ಎತ್ತಿದೆ. ಕೆಳಗೆ ಹಳೆಯ ಪೇಪರಿನಲ್ಲಿ ಸುತ್ತಿದ ಒಂದು ಹಿತ್ತಾಳೆ ತುಂಡು, ನಮ್ಮ ವಾಲ್ವಿನಲ್ಲಿ ಉಳಿದ ಭಾಗ. ಪೇಪರು ನಾನು ಬೀಗ ಒಡೆಸಿದ ತಿಂಗಳಿನದು. ಅದರ ಮೇಲೆ ಪೆನ್ಸಿಲಿನಲ್ಲಿ ಬರೆದಿದ್ದರು: ‘ಗಿರಣಿ ಹಿತ್ತಾಳೆ. ಇನ್ನು ನಾಲ್ಕು ಪ್ಲಗ್ಗಿಗೆ ಸಾಕು.’ ನಾಲ್ಕನ್ನು ಹೊಡೆದು ಮೂರು, ಮೂರನ್ನು ಹೊಡೆದು ಎರಡು, ಎರಡನ್ನು ಹೊಡೆದು ಒಂದು ಎಂದು ಮಾಡಿದ್ದರು. ಅಂದು ಬೆರಳ ತುದಿಯಿಂದ ಟವೆಲು ಸರಿಸಿದ್ದರೆ ಇದನ್ನು ಓದುತ್ತಿದ್ದೆ.

ಬಾಯ್ಲರಿನ ಪ್ಲಗ್ ಬದಲಿಸುವ ಹೊತ್ತಾಗಿತ್ತು. ಹೊನ್ನಾವರಕ್ಕೆ ಹೋಗಿ ಆ ಕೊನೆಯ ತುಂಡಿನಲ್ಲಿ ಪ್ಲಗ್ ಮಾಡಿಸಿ ಸೀಸ ತುಂಬಿಸಿ ತಂದೆ. ಅಮಾವಾಸ್ಯೆಯ ದಿನ ಅವರ ಟವೆಲಿನ ತುದಿ ಹಲ್ಲಿನಲ್ಲಿ ಕಚ್ಚಿಕೊಂಡು ನಾನೇ ಒಲೆಯೊಳಗೆ ತೆವಳಿ ಅದನ್ನು ಬಿಗಿದೆ. ಹೊರಗೆ ಬಂದಾಗ ಮೈಯೆಲ್ಲ ಮಸಿಯಾಗಿತ್ತು. ಅಂಗಳದಲ್ಲಿ ಭತ್ತ ಮಗುಚುತ್ತಿದ್ದ ಹೊಸ ಹೆಂಗಸೊಬ್ಬಳು ನನ್ನನ್ನು ನೋಡಿ ಪಕ್ಕದವಳ ಕಿವಿಯಲ್ಲಿ ಏನೋ ಹೇಳಿದಳು. ಹೇಳಲಿ ಎಂದುಕೊಂಡು ನಾನು ಬಾವಿಯ ಕಡೆ ಹೋದೆ.